ಮೆಸೇಜಿನಲ್ಲಿ ಇಲ್ಲದ ನಾಯಿ

ಜಮಾಲುದ್ದೀನರ ಮೆಸೇಜು ಬಂತೆಂದರೆ ಜನ ಹಿಂದೆಮುಂದೆ ವಿಚಾರಿಸಲು ಹೋಗುತ್ತಿರಲಿಲ್ಲ, ನೇರ ಹಣ ಕಳುಹಿಸುತ್ತಿದ್ದರು. ಹನ್ನೊಂದು ವರ್ಷಗಳಿಂದ ಹಾಗೆಯೇ ನಡೆದುಕೊಂಡು ಬಂದಿತ್ತು. ಹಂಪನಕಟ್ಟೆಯ ಒಂದು ಗಲ್ಲಿಯಲ್ಲಿ ಅವರ ಬ್ಯಾಗಿನ ಅಂಗಡಿ. ಗಲ್ಫಿಗೆ ಹೋಗುವವರಿಗೆ ಸೂಟ್‌ಕೇಸು, ಶಾಲೆಗೆ ಹೋಗುವ ಮಕ್ಕಳಿಗೆ ಬೆನ್ನಿಗೆ ಹಾಕುವ ಚೀಲ. ಅದು ಹೊಟ್ಟೆಪಾಡಿನ ವಿಷಯ. ಊರಿನಲ್ಲಿ ಅವರ ಹೆಸರು ಓಡಾಡುತ್ತಿದ್ದದ್ದು ಮಾತ್ರ ಮೊಬೈಲಿನಿಂದ. ಯಾರಿಗೋ ಡಯಾಲಿಸಿಸ್, ಯಾರದೋ ಮಗುವಿನ ಹೃದಯದಲ್ಲಿ ತೂತು, ಇನ್ಯಾರಿಗೋ ಬೆನ್ನಿನ ಆಪರೇಷನ್ನು. ಜಮಾಲುದ್ದೀನ್ ಆಸ್ಪತ್ರೆಗೆ ಹೋಗಿ, ಕಾಗದಪತ್ರ ನೋಡಿ, ತಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದು ಕೊನೆಗೆ 'ನಾನು ನೋಡಿದ್ದೇನೆ' ಎಂದು ಹಾಕುತ್ತಿದ್ದರು. ಗ್ರೂಪಿನಲ್ಲಿ ಒಂಬೈನೂರು ಚಿಲ್ಲರೆ ಜನ, ಅರ್ಧಕ್ಕರ್ಧ ದುಬೈ, ದೋಹಾ, ಜುಬೈಲಿನಲ್ಲಿ ಇರುವವರು. ಅವರಿಗೆಲ್ಲ ಇವರು 'ಜಮಾಲಾಕ', ಅಂದರೆ ಜಮಾಲಣ್ಣ. ಸಂಜೆಯೊಳಗೆ ಕೆಲಸ ಆಗುತ್ತಿತ್ತು.

ಅವರದ್ದೊಂದು ಕ್ರಮವಿತ್ತು. ರೋಗಿಯ ಹೆಸರು ಬರೆಯುವುದಿಲ್ಲ, ಫೋಟೋ ಹಾಕುವುದಿಲ್ಲ. ಮೊದಲ ವರ್ಷ ಒಬ್ಬ ಹುಡುಗಿಯ ಫೋಟೋ ಹಾಕಿದ್ದರು, ಮೂಗಿನಲ್ಲಿ ನಳಿಗೆ ಇದ್ದದ್ದು. ಹಣ ಬಂತು, ಹುಡುಗಿ ಗುಣವಾದಳು. ಆದರೆ ಫೋಟೋ ಮೊಬೈಲಿನಿಂದ ಮೊಬೈಲಿಗೆ ಸುತ್ತಿ ಸುತ್ತಿ, ಅವಳಿಗೆ ಬಂದ ಎರಡು ಸಂಬಂಧಗಳು ತಪ್ಪಿಹೋದವು. ಅಂದಿನಿಂದ ಫೋಟೋ ಬಂದ್. 'ಕೊಡುವವರಿಗೆ ರೋಗಿಯ ಮುಖ ಎಂತಕ್ಕೆ? ನನ್ನ ಮುಖ ಗೊತ್ತುಂಟಲ್ಲ, ಸಾಕು' ಎನ್ನುತ್ತಿದ್ದರು. ಇದನ್ನು ಹೇಳುವಾಗ ಅವರ ಎದೆ ಎರಡು ಇಂಚು ಉಬ್ಬುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು.

ಇನ್ನು ನಾಯಿಯ ವಿಷಯ. ಕಂದು ಬಣ್ಣದ ಹೆಣ್ಣು ನಾಯಿ. ಮರಿ ಹಾಕದಂತೆ ಆಪರೇಷನ್ ಆದ ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸಿದ್ದರು. ಪಕ್ಕದ ಝೆರಾಕ್ಸ್ ಅಂಗಡಿಯ ಎಲೇನ್ ಅದಕ್ಕೆ ರೂಬಿ ಎಂದು ಹೆಸರಿಟ್ಟಿದ್ದರು. ಜಮಾಲುದ್ದೀನ್ ಹೆಸರು ಹಿಡಿದು ಕರೆದವರಲ್ಲ, 'ಅದು' ಎನ್ನುತ್ತಿದ್ದರು. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಅವರು ಸಿಟಿ ಬಸ್ಸಿನಿಂದ ಇಳಿಯುವಾಗ ಅದು ಸ್ಟಾಪಿನಲ್ಲಿ ಹಾಜರು. ಅಲ್ಲಿಂದ ಅಂಗಡಿಯ ತನಕ ಜೊತೆಗೆ ನಡೆಯುತ್ತಿತ್ತು, ಎರಡು ಮಾರು ದೂರ ಬಿಟ್ಟು. ಒದ್ದೆ ನಾಯಿ ಮೈಗೆ ತಾಗಿದರೆ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಹಾಕಿ ತೊಳೆಯಬೇಕೆಂಬ ಕಟ್ಟಳೆ ಜಮಾಲುದ್ದೀನರದ್ದು. ಅದು ನಾಯಿಗೂ ತಿಳಿದಿತ್ತೋ ಏನೋ, ಮಳೆಗಾಲದಲ್ಲಿ ಎರಡು ಮಾರನ್ನು ಮೂರು ಮಾಡಿಕೊಳ್ಳುತ್ತಿತ್ತು. ಶಟರ್ ಎತ್ತಿದ ಮೇಲೆ ಇವರು ಎಸೆದ ಎರಡು ಬಿಸ್ಕೆಟು ತಿಂದು ಮೆಟ್ಟಿಲಿನ ಬದಿಯಲ್ಲಿ ಮಲಗುತ್ತಿತ್ತು. ನಾಲ್ಕು ವರ್ಷ ಒಂದು ದಿನವೂ ತಪ್ಪಲಿಲ್ಲ. ಜಮಾಲುದ್ದೀನರಿಗೆ ಅದರ ಮೇಲೆ ಜೀವವೇ ಇತ್ತು. ಯಾರೊಡನೆಯೂ ಹೇಳಿರಲಿಲ್ಲ, ಅಷ್ಟೆ.

ರಂಜಾನಿನ ಎರಡನೆಯ ವಾರ, ಸೋಮವಾರ. ಬಸ್ಸು ಆ ದಿನ ಸ್ಟಾಪು ದಾಟಿ ಸ್ವಲ್ಪ ಮುಂದೆ ತಿರುಗಿ, ರಸ್ತೆಯ ಆಚೆ ಬದಿ, ಅಂಗಡಿಯ ಗಲ್ಲಿಗೆ ಎದುರಾಗಿ ನಿಂತಿತು. ಜಮಾಲುದ್ದೀನ್ ಇಳಿದದ್ದನ್ನು ನೋಡಿ ನಾಯಿ ರಸ್ತೆ ದಾಟಿ ಬಂತು. ಒಂದು ಕಾರು ಅದಕ್ಕೆ ಹೊಡೆದು ನಿಲ್ಲದೆ ಹೋಯಿತು. ನಾಯಿ ಕೂಗಿದ್ದು ಒಂದೇ ಸಲ. ಆಮೇಲೆ ಮುಂಗಾಲಿನಿಂದ ಮೈ ಎಳೆದುಕೊಂಡು ಇವರ ಕಡೆಗೇ ಬರತೊಡಗಿತು, ಎರಡು ಮಾರು ದೂರ ಬಂದು ನಿಂತಿತು. ಜಮಾಲುದ್ದೀನ್ ಬಸ್ಸಿಳಿದಲ್ಲೇ ನಿಂತಿದ್ದರು.

"ಜಮಾಲಣ್ಣ, ನೋಡಿಕೊಂಡು ನಿಲ್ಬೇಡಿ ಮಾರಾಯ್ರೆ, ಆಟೋ ಕರೀರಿ!" ಎಂದು ಎಲೇನ್ ಅಂಗಡಿಯಿಂದ ಹಳೆಯ ಫ್ಲೆಕ್ಸ್ ಒಂದನ್ನು ಹಿಡಿದು ಓಡಿ ಬಂದರು. ಫ್ಲೆಕ್ಸಿನಲ್ಲಿ ಸುತ್ತಿ ನಾಯಿಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಎಲೇನ್ ಹಿಂದೆ ಕೂತರು, ಜಮಾಲುದ್ದೀನ್ ಡ್ರೈವರಿನ ಪಕ್ಕದಲ್ಲಿ ಅರ್ಧ ಹೊರಗೆ ನೇತಾಡಿಕೊಂಡು ಕೂತರು. ಬಿಜೈಯಲ್ಲಿ ಪ್ರಾಣಿಗಳ ಖಾಸಗಿ ಕ್ಲಿನಿಕ್ಕು ಒಂದಿತ್ತು. ಅಲ್ಲಿನ ಡಾಕ್ಟರು ಸಂಚಿತಾ ಎಕ್ಸ್‌ರೇ ಎತ್ತಿ ಹಿಡಿದು ಸುತ್ತಿ ಬಳಸದೆ ಹೇಳಿದರು: "ಎಡಗಾಲಿನ ತೊಡೆಯ ಎಲುಬು ಎರಡು ತುಂಡು. ಪ್ಲೇಟ್ ಹಾಕ್ಬೇಕು. ಎಲ್ಲ ಸೇರಿ ನಲವತ್ತೆರಡು ಸಾವಿರ ಆಗ್ತದೆ. ಗಾಯ ಬಾಯಿ ತೆರೆದಿದೆ, ಕೀವು ಕಟ್ಟುವ ಮೊದಲು ಮಾಡ್ಬೇಕು. ಗುರುವಾರ ದಾಟಿದ್ರೆ ಕಾಲು ತೆಗೆಯುದೇ."

"ಐದು ಸಾವಿರ ನಾನು ಕೊಡ್ತೇನೆ," ಎಂದರು ಎಲೇನ್. "ಬಾಕಿದ್ದಕ್ಕೆ ಎಂತ ಮಾಡುದು?"

"ಬಾಕಿದ್ದು ನನಗೆ ಬಿಡಿ, ಎಲೇನ್ ಬಾಯಿ," ಎಂದರು ಜಮಾಲುದ್ದೀನ್. ಹೀಗೆ ಹೇಳುವಾಗ ಅವರ ಧ್ವನಿಗೆ ಹಳೆಯ ಗತ್ತು ಮರಳಿತ್ತು.

ಕ್ಲಿನಿಕ್ಕಿನ ಹೊರಗೆ ನಿಂತೇ ಬರೆಯಲು ಶುರುಮಾಡಿದರು. 'ಅಸ್ಸಲಾಮು ಅಲೈಕುಂ. ನಮ್ಮ ಅಂಗಡಿಯ ಎದುರು ಒಂದು ನಾಯಿಗೆ' ಎಂದು ಬರೆದು ನಿಲ್ಲಿಸಿದರು. ಗ್ರೂಪಿನ ಒಂಬೈನೂರು ಮುಖಗಳು ಒಟ್ಟಿಗೆ ಕಣ್ಣೆದುರು ಬಂದವು. ರಂಜಾನ್ ತಿಂಗಳಲ್ಲಿ ಜಮಾಲಾಕ ನಾಯಿಗೆ ಹಣ ಕೇಳುತ್ತಿದ್ದಾರೆ ಎಂದು ನಗುವವರು, ಮನುಷ್ಯರಿಗೇ ಗತಿಯಿಲ್ಲ ಎನ್ನುವವರು. ಬೆರಳು ಹಿಂದಕ್ಕೆ ಹೋಗಿ ಆ ಸಾಲನ್ನು ಅಳಿಸಿತು. ಮತ್ತೆ ಬರೆದರು: 'ನಮ್ಮ ಅಂಗಡಿಯ ಎದುರು ಇಂದು ಬೆಳಿಗ್ಗೆ ಅಪಘಾತ. ಕಾಲಿನ ಎಲುಬು ಎರಡು ತುಂಡಾಗಿದೆ. ಮನೆಯವರು, ಕೇಳುವವರು ಯಾರೂ ಇಲ್ಲ. ಗುರುವಾರದೊಳಗೆ ಆಪರೇಷನ್ ಆಗದಿದ್ದರೆ ಕಾಲು ಹೋಗುತ್ತದೆ. ನಾನು ನೋಡಿದ್ದೇನೆ.' ಹೇಗೂ ಹೆಸರು ಬರೆಯುವ ಕ್ರಮ ನಮ್ಮಲ್ಲಿಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಕಳುಹಿಸಿಬಿಟ್ಟರು. ಬರೆದ ಒಂದು ಅಕ್ಷರವೂ ಸುಳ್ಳಲ್ಲ ಎಂದೂ ಹೇಳಿಕೊಂಡರು.

ಹಣ ಬಂದದ್ದು ಹೇಗೆಂದರೆ, ಮಧ್ಯಾಹ್ನದ ನಮಾಜಿಗೆ ಸೈಲೆಂಟ್ ಮಾಡಿದ ಮೊಬೈಲನ್ನು ತಿರುಗಿ ನೋಡುವಾಗ ಮೂವತ್ತೊಂದು ಸಾವಿರ. ಜುಬೈಲಿನಿಂದ ರವೂಫ್ ಎಂಬವರು ಒಬ್ಬರೇ ಹತ್ತು ಸಾವಿರ ಹಾಕಿ 'ಇದು ಝಕಾತ್, ಜಮಾಲಾಕ' ಎಂದು ಬರೆದಿದ್ದರು. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಐವತ್ತು ದಾಟಿತು. 'ಸಾಕು, ಇನ್ನು ಯಾರೂ ಕಳುಹಿಸಬೇಡಿ' ಎಂದು ಹಾಕಿ, ಕ್ಲಿನಿಕ್ಕಿಗೆ ಹದಿನೈದು ಸಾವಿರ ಮುಂಗಡ ಕಟ್ಟಿ, ಗುರುವಾರ ಬೆಳಿಗ್ಗೆಗೆ ಆಪರೇಷನ್ ಗೊತ್ತುಮಾಡಿ ಮನೆಗೆ ಹೋದರು. ಆ ದಿನ ನಿದ್ದೆ ಚೆನ್ನಾಗಿಯೇ ಬಂತು.

ಮಂಗಳವಾರ ಮಧ್ಯಾಹ್ನ ಅಂಗಡಿಗೆ ನಾಝಿಮಾ ಬಂದರು. ಬಜಪೆಯವರು, ಬೀಡಿ ಕಟ್ಟುವ ಹೆಂಗಸು. ಗಂಡನ ಡಯಾಲಿಸಿಸ್ಸಿಗೆ ಇದೇ ಗ್ರೂಪು ಒಂದು ವರ್ಷ ಹಣ ಕೊಟ್ಟಿತ್ತು. ಗಂಡ ಉಳಿಯಲಿಲ್ಲ. ಆದರೂ ಪ್ರತಿ ರಂಜಾನಿನಲ್ಲಿ ತನ್ನ ಕೈಯಿಂದ ಇನ್ನೂರು ರೂಪಾಯಿ ತಂದು ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ಅವರ ಹತ್ತಿರ ದೊಡ್ಡ ಮೊಬೈಲಿಲ್ಲ, ಜಮಾಲುದ್ದೀನರ ಮೆಸೇಜುಗಳನ್ನು ನೆರೆಮನೆಯ ಹುಡುಗಿ ಓದಿ ಹೇಳುತ್ತಿದ್ದಳು. ಈ ಸಲ ನೋಟಿನ ಜೊತೆಗೆ ಕೈಯಲ್ಲೊಂದು ಹಿಡಿಯಿರುವ ಸ್ಟೀಲಿನ ಪಾತ್ರೆಯೂ ಇತ್ತು.

"ಮೆಂತೆ ಗಂಜಿ," ಎಂದರು. "ಎಲುಬು ಮುರಿದವರಿಗೆ ಒಳ್ಳೇದು. ಯಾವ ಆಸ್ಪತ್ರೆ, ಯಾವ ವಾರ್ಡು ಹೇಳಿ, ಜಮಾಲಾಕ. ಯಾರೂ ಇಲ್ಲ ಅಂತ ಬರ್ದಿದ್ರಿ. ನಮ್ಮವರು ಮಲಗಿದ್ದಾಗ ಪಕ್ಕದ ಬೆಡ್ಡಿನವರಿಗೆ ನೀರು ಕೊಡ್ಲಿಕ್ಕೂ ಜನ ಇರ್ಲಿಲ್ಲ, ನಾನೇ ಕೊಡ್ತಿದ್ದೆ. ಗುರುವಾರದ ತನಕ ನಾನು ಕೂತ್ಕೊಳ್ತೇನೆ. ಬೀಡಿ ಎಲೆ ಅಲ್ಲಿಗೇ ತಕೊಂಡು ಹೋಗ್ತೇನೆ."

ಜಮಾಲುದ್ದೀನ್ ಪಾತ್ರೆಯನ್ನು ನೋಡಿದರು. ಹೇಳಬೇಕಾದ ಶಬ್ದ ಒಂದೇ. ಎದುರಿಗೆ ನಿಂತವರು ಬಸ್ಸು ಬದಲಿಸಿ ಬಂದ ಉಪವಾಸದ ಹೆಂಗಸು. "ಈಗ ಯಾರನ್ನೂ ಒಳಗೆ ಬಿಡುದಿಲ್ಲ," ಎಂದರು ಕೊನೆಗೆ. "ಗಂಜಿ ಕೊಡಿ, ನಾನು ಮುಟ್ಟಿಸ್ತೇನೆ." ನೋಟನ್ನೂ ತೆಗೆದುಕೊಂಡರು. ನಾಝಿಮಾ ದುವಾ ಮಾಡಿ ಹೋದರು.

ಬಾಗಿಲಲ್ಲಿ ಎಲೇನ್ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು. "ಆ ಮೆಸೇಜು ತೋರ್ಸಿ," ಎಂದು ಮೊಬೈಲು ಇಸಿದುಕೊಂಡು ಎರಡು ಸಲ ಓದಿದರು. "ಇದರಲ್ಲಿ ನಾಯಿ ಎಲ್ಲುಂಟು? ನೀವು ಮರ್ತದ್ದಾ, ಬಿಟ್ಟದ್ದಾ?"

"ನಮ್ಮ ಕ್ರಮದಲ್ಲಿ ಹೆಸರು..."

"ಹೆಸರಿನ ವಿಷಯ ಅಲ್ಲ ನಾನು ಕೇಳಿದ್ದು."

ಎಲೇನ್ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ತಮ್ಮ ಅಂಗಡಿಗೆ ಹೋದರು.

ಸಂಜೆ ಮಸೀದಿಯಲ್ಲಿ ಬಾಂಗ್ ಆಗಿ ಖರ್ಜೂರ ತಿಂದು ಉಪವಾಸ ಬಿಟ್ಟ ಮೇಲೆ, ತಂದ ಪಾತ್ರೆಯ ಮುಚ್ಚಳ ತೆಗೆದು ಆ ಗಂಜಿಯನ್ನೇ ಕುಡಿದರು. ಬಿಸಾಡಲು ಮನಸ್ಸು ಬರಲಿಲ್ಲ. ಅರ್ಧದಲ್ಲಿ ಪಾತ್ರೆಯನ್ನು ಕೆಳಗಿಟ್ಟು ಕೂತರು. ಹೆಂಡತಿ ಖೈರುನ್ನಿಸಾ "ಎಂತ ಆಯ್ತು?" ಎಂದು ಕೇಳಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟರು. ಖೈರುನ್ನಿಸಾ ಮದ್ರಸದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು, ಮಾತು ಅಳೆದು ಆಡುವವರು.

"ನಾಯಿಗೆ ಮದ್ದು ಮಾಡಿಸುದು ಪುಣ್ಯದ ಕೆಲಸವೇ," ಎಂದರು. "ಅದಕ್ಕೆ ಮನಸ್ಸು ಬಂದು ಕೊಡುವ ಸದಕದ ಹಣ ಆಗ್ತದೆ. ಝಕಾತ್ ಆಗುದಿಲ್ಲ, ಅದು ಕಡ್ಡಾಯದ್ದು, ಬಡ ಮನುಷ್ಯರ ಹಕ್ಕು. ಆ ರವೂಫ್ ತನ್ನ ಝಕಾತ್ ಮುಗೀತು ಅಂತ ಕೂತಿದ್ದಾರೆ. ಮುಗೀಲಿಲ್ಲ. ಅವರ ತಲೆ ಮೇಲೆ ಹಾಗೇ ಉಂಟು, ನೀವು ಹೇಳದೆ ಇದ್ದದ್ದಕ್ಕೆ."

"ಹೇಳಿದ್ರೆ ಕೊಡ್ತಿರ್ಲಿಲ್ಲ, ಖೈರು."

"ಕೊಡುದು ಬಿಡುದು ಅವರಿಗೆ ಬಿಟ್ಟದ್ದಲ್ವಾ? ನೀವು ಅದನ್ನೇ ಅವರ ಕೈಯಿಂದ ತೆಗ್ದದ್ದು."

ಜಮಾಲುದ್ದೀನ್ ಮೊಬೈಲು ಹಿಡಿದು ಕೂತರು. 'ಕೈತಪ್ಪಿನಿಂದ ಒಂದು ವಿಷಯ ಬಿಟ್ಟುಹೋಗಿದೆ' ಎಂದು ಬರೆದರು. ಇದನ್ನು ಕಳುಹಿಸಿದ್ದರೆ ಎಲ್ಲ ಸುಸೂತ್ರ. ಜಮಾಲಾಕನಿಗೆ ವಯಸ್ಸಾಯಿತು ಎಂದು ನಗಾಡಿ ಜನ ಮರೆಯುತ್ತಿದ್ದರು. ಆ ಸಾಲನ್ನು ಬಹಳ ಹೊತ್ತು ನೋಡಿದರು. ಅಳಿಸಿದರು. ಬಾಯಿಯ ಮಾತು ಅಳಿಸಲು ಬರುವುದಿಲ್ಲವೆಂದು ಆಮೇಲೆ ಧ್ವನಿ ಮೆಸೇಜಿನಲ್ಲಿಯೇ ಹೇಳಿದರು: "ನಾನು ಜಮಾಲುದ್ದೀನ್. ನಿನ್ನೆ ಹಣ ಕೇಳಿದ್ದು ಒಂದು ಬೀದಿನಾಯಿಗೆ. ಮರ್ತುಹೋದದ್ದಲ್ಲ. ನಾಯಿ ಅಂತ ಬರ್ದು, ನೀವು ಕೊಡ್ಲಿಕ್ಕಿಲ್ಲ ಅಂತ ನಾನೇ ಅಳ್ಸಿದ್ದು. ಎಲ್ಲರ ಹಣ ವಾಪಸು ಹಾಕ್ತೇನೆ. ಝಕಾತ್ ಕೊಟ್ಟವರು ಬೇರೆ ಕಡೆ ಕೊಡಿ. ನನ್ನನ್ನು ಮಾಫ್ ಮಾಡಿ."

ಐದು ನಿಮಿಷದ ಮೇಲೆ ಗ್ರೂಪಿನಲ್ಲಿ ಒಬ್ಬರು ನಗುವ ಮುಖ ಹಾಕಿದರು. ಒಬ್ಬರು ಬೈದರು. ಹದಿನೇಳು ಜನ ಗ್ರೂಪು ಬಿಟ್ಟರು. 'ನನ್ನದು ನಾಯಿಗೇ ಇರಲಿ' ಎಂದವರೂ ಇದ್ದರು, ಆದರೆ ಜಮಾಲುದ್ದೀನ್ ತಿಳಿಯದೆ ಕೊಟ್ಟದ್ದು ಬೇಡವೆಂದು ಹಟ ಹಿಡಿದು ಅವರಿಗೂ ತಿರುಗಿ ಕಳುಹಿಸಿದರು. ಕ್ಲಿನಿಕ್ಕಿಗೆ ಕಟ್ಟಿದ ಹದಿನೈದು ಸಾವಿರವನ್ನು ತಮ್ಮ ಕೈಯಿಂದ ತುಂಬಿದರು. ಹಬ್ಬಕ್ಕೆಂದು ಮಾಲು ತರಿಸಿದ ಹೊತ್ತು, ಅದಕ್ಕಿಂತ ಹೆಚ್ಚು ಕೈಯಲ್ಲಿರಲಿಲ್ಲ. ಬೈಗುಳವನ್ನೆಲ್ಲ ಹೇಗೋ ನುಂಗಿಕೊಂಡರು. ನುಂಗಲಾಗದೆ ಉಳಿದದ್ದು ರವೂಫ್ ಬರೆದ ಒಂದು ಸಾಲು: 'ಇನ್ನು ಮುಂದೆ ಎಲ್ಲರೂ ವಿಚಾರಿಸಿ ಕೊಡಿ.'

ಬುಧವಾರ ಹೊಸ ಮೆಸೇಜು ಹಾಕಿದರು. ಮೊದಲನೆಯ ಶಬ್ದವೇ ನಾಯಿ. ನಾಯಿಗೆ ಸಂಬಂಧ ತಪ್ಪುವ ಭಯವಿಲ್ಲವೆಂದು ಫೋಟೋವನ್ನೂ ಹಾಕಿದರು. ಗುರುವಾರ ಬೆಳಿಗ್ಗೆಯ ತನಕ ಬಂದದ್ದು ನಾಲ್ಕು ಸಾವಿರದ ಎಂಟುನೂರು. ಮೊದಲೇ ಹೀಗೆ ಕೇಳಿದ್ದರೆ ಹೆಚ್ಚು ಬರುತ್ತಿತ್ತೋ, ಇಷ್ಟೂ ಬರುತ್ತಿರಲಿಲ್ಲವೋ, ಅದನ್ನು ತಿಳಿಯುವ ದಾರಿ ಈಗ ಯಾರಿಗೂ ಇರಲಿಲ್ಲ. ಎಲೇನ್ ತಮ್ಮ ಐದು ಸಾವಿರವನ್ನು ಎಂಟು ಮಾಡಿದರು. ಡಾಕ್ಟರು ತಮ್ಮ ಫೀಸು ಬಿಟ್ಟರೂ ಪ್ಲೇಟಿಗೆ ಸಾಲಲಿಲ್ಲ, ಗಾಯ ಬೇರೆ ಕೀವಾಗತೊಡಗಿತ್ತು.

"ಮೂರು ಕಾಲಲ್ಲಿ ನಾಯಿ ಚೆನ್ನಾಗಿ ಬದುಕ್ತದೆ," ಎಂದರು ಸಂಚಿತಾ. "ನಾವು ಮನುಷ್ಯರು ಅದಕ್ಕೆ ಹೆಚ್ಚು ಅಳುದು."

ಎಲೇನ್ ಅತ್ತರು. ಜಮಾಲುದ್ದೀನ್ ಕಾಗದಕ್ಕೆ ಸಹಿ ಹಾಕಿದರು. ಮಧ್ಯಾಹ್ನ ಎಡಗಾಲು ತೆಗೆದರು.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಜಪೆಗೆ ಹೋದರು. ನಾಝಿಮಾ ಮನೆಯ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನೆರೆಮನೆಯ ಹುಡುಗಿ ಗ್ರೂಪಿನ ಆ ಧ್ವನಿ ಮೆಸೇಜನ್ನು ಮೊದಲೇ ಕೇಳಿಸಿರಬಹುದು, ಆದರೂ ಜಮಾಲುದ್ದೀನ್ ನಿಂತುಕೊಂಡೇ ಮೊದಲಿನಿಂದ ಕೊನೆಯ ತನಕ ಹೇಳಿ ಇನ್ನೂರರ ನೋಟನ್ನೂ ತೊಳೆದ ಪಾತ್ರೆಯನ್ನೂ ಮುಂದಿಟ್ಟರು. ನಾಝಿಮಾ ಎರಡನ್ನೂ ತೆಗೆದುಕೊಂಡರು.

"ಗಂಜಿ ಎಂತ ಮಾಡಿದ್ರಿ?"

"ನಾನೇ ಕುಡ್ದೆ."

"ಆಯ್ತು, ಹಾಳಾಗ್ಲಿಲ್ಲ," ಎಂದು ಮತ್ತೆ ಎಲೆ ಕತ್ತರಿಸಲು ಕೂತರು. ಕೂತುಕೊಳ್ಳಿ ಎನ್ನಲಿಲ್ಲ. ಜಮಾಲುದ್ದೀನ್ ಹೊರಟುಬಂದರು.

ಹಬ್ಬ ಕಳೆಯಿತು. ನಾಯಿ ಎಲೇನರ ಅಂಗಡಿಯೊಳಗೆ ಝೆರಾಕ್ಸ್ ಮೆಷಿನಿನ ಪಕ್ಕ ಮಲಗಿ ಗುಣವಾಗತೊಡಗಿತು. ಅಷ್ಟರಲ್ಲಿ ಒಂದು ಕೇಸು ಬಂತು. ಶಬ್ನಮ್, ಇಪ್ಪತ್ತಮೂರರ ಹುಡುಗಿ, ಹೃದಯದ ಕವಾಟದ ಆಪರೇಷನ್ನು. ನಿಶ್ಚಿತಾರ್ಥ ಆಗಿತ್ತು, ಹುಡುಗನ ಮನೆಯವರಿಗೆ ತಿಳಿಯುವ ಮೊದಲು ಮುಗಿದರೆ ಸಾಕೆಂದು ತಾಯಿ ಬೇಡಿಕೊಂಡಿದ್ದಳು. ಜಮಾಲುದ್ದೀನ್ ಆಸ್ಪತ್ರೆಗೆ ಹೋಗಿ ಕಾಗದಪತ್ರ ನೋಡಿ ಎಂದಿನಂತೆ ನಾಲ್ಕು ಸಾಲು ಬರೆದು 'ನಾನು ನೋಡಿದ್ದೇನೆ' ಎಂದು ಹಾಕಿದರು. ಸಂಜೆಯ ತನಕ ಬಂದದ್ದು ಎರಡೂವರೆ ಸಾವಿರ. ರವೂಫ್ ಬರೆದರು: 'ನಾಯಿಯ ಫೋಟೋ ಹಾಕಿದಿರಲ್ಲ, ಮನುಷ್ಯರದ್ದೂ ಹಾಕಿ.' ಅದಕ್ಕೆ ನಲವತ್ತು ಜನ ಹೆಬ್ಬೆರಳು ಎತ್ತಿದರು.

ಮರುದಿನ ವಾರ್ಡಿಗೆ ಹೋಗಿ ವಿಷಯ ತಿಳಿಸಿದರು. ತಾಯಿ ಮಗಳ ತಲೆಗೂದಲು ಸರಿಮಾಡತೊಡಗಿದಳು. ಶಬ್ನಮ್ ಶಾಲನ್ನು ಮುಖದ ತನಕ ಎಳೆದುಕೊಂಡು, "ನೀವು ಫೋಟೋ ತೆಗೆಯುದಿಲ್ಲ ಅಂತ ಹೇಳಿದ್ರು," ಎಂದಳು.

"ತೆಗೀತಿರ್ಲಿಲ್ಲ."

"ಈಗ ಎಂತಕ್ಕೆ?"

"ನಾನು ಒಂದು ತಪ್ಪು ಮಾಡಿದೆ, ಮಗಳೇ." ಹನ್ನೊಂದು ವರ್ಷ ಈ ಜನರ ಮುಖ ಮುಚ್ಚಿದ್ದು ತನ್ನ ಮಾತೊಂದೇ ಎಂದೂ, ಅದನ್ನು ತಾನೇ ಹರಿದೆನೆಂದೂ ಜಮಾಲುದ್ದೀನರಿಗೆ ಆಗ ಸರಿಯಾಗಿ ಅರ್ಥವಾಯಿತು. ಎತ್ತಿದ ಮೊಬೈಲನ್ನು ಕೆಳಗಿಳಿಸಿದರು.

ಗ್ರೂಪಿನಲ್ಲಿ ಬರೆದರು: 'ಫೋಟೋ ಇಲ್ಲ. ಹೆಸರು ಇಲ್ಲ. ರೋಗಿ ಮನುಷ್ಯರು. ಸಂಶಯ ಇರುವವರು ಬಂದು ನೋಡಬಹುದು, ನಿಮ್ಮ ಸಂಶಯ ನ್ಯಾಯವೇ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಆಸ್ಪತ್ರೆಯ ಗೇಟಿನಲ್ಲಿ ಇರುತ್ತೇನೆ. ಹೆಂಗಸರು ಬಂದರೆ ಒಳಗೆ ಕರೆದುಕೊಂಡು ಹೋಗುತ್ತೇನೆ, ಹುಡುಗಿಯ ತಾಯಿ ಒಪ್ಪಿದ್ದಾರೆ.' ಅಂಗಡಿಯ ಬೀಗದ ಕೈಯನ್ನು ಎಲೇನರಿಗೆ ಕೊಟ್ಟು ಗೇಟಿನ ಕಲ್ಲಿನ ಮೇಲೆ ಕೂತರು.

ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸುಡುಬಿಸಿಲಿನಲ್ಲಿ ನಾಝಿಮಾ ಬಂದರು.

"ತೋರ್ಸಿ," ಎಂದರು.

ಜಮಾಲುದ್ದೀನ್ ಅವರನ್ನು ಮೂರನೆಯ ಮಾಳಿಗೆಗೆ ಕರೆದುಕೊಂಡು ಹೋಗಿ ವಾರ್ಡಿನ ಬಾಗಿಲಲ್ಲೇ ನಿಂತರು. ನಾಝಿಮಾ ಹಾಸಿಗೆಯ ಹತ್ತಿರ ಹೋದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಜಾರಿದ್ದ ದಿಂಬನ್ನು ತಲೆಯ ಕೆಳಗೆ ಸರಿಮಾಡಿ, ತಾಯಿಯ ಕೈ ಹಿಡಿದು ಅರೆಗಳಿಗೆ ನಿಂತು ತಿರುಗಿ ಬಂದರು. ಕೆಳಗೆ ಬಂದು ನಾಝಿಮಾ ಇನ್ನೂರು ರೂಪಾಯಿ ತೆಗೆದು ಕೊಟ್ಟರು.

"ಬೇಜಾರು ಮಾಡ್ಬೇಡಿ, ಜಮಾಲಾಕ. ಮೊದಲಾದ್ರೆ ನೋಡ್ಲಿಕ್ಕೆ ಬರ್ತಿರ್ಲಿಲ್ಲ."

"ಗೊತ್ತುಂಟು."

"ಬೇರೆ ಯಾರಾದ್ರೂ ಬಂದಿದ್ದಾರಾ?"

"ಇಲ್ಲ. ನೀವೇ ಮೊದಲು."

ನಾಝಿಮಾ ಗೇಟಿನ ತನಕ ಹೋದವರು ನಿಂತು ಯೋಚಿಸಿದರು. "ನಿಮ್ಮ ಮಾತು ಸದ್ಯಕ್ಕೆ ಯಾರೂ ಕೇಳ್ಲಿಕ್ಕಿಲ್ಲ," ಎಂದರು. "ಬಜಪೆಯ ನಾಝಿಮಾ ನೋಡಿದ್ದಾಳೆ ಅಂತ ಬರೀರಿ."

ಜಮಾಲುದ್ದೀನ್ ಹಾಗೆಯೇ ಬರೆದರು.